ಐಎಂಎ ಇರುವಾಗ ಕಥೋಲಿಕ ವೈದ್ಯರಿಗೆ ಬೇರೆ ಸಂಘ ಯಾಕೆ?

ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆ ಡಾಕ್ಟರ ಸಂಘ ಅಂದರೆ ಮೊದಲು ನೆನಪಿಗೆ ಬರುವುದು ಐಎಂಎ, ಅಂದರೆ ಭಾರತೀಯ ವೈದ್ಯಕೀಯ ಸಂಘ. 1928ರಿಂದ ಇದೆ. ಯಾವ ಧರ್ಮದ ಡಾಕ್ಟರಾದರೂ ಸೇರಬಹುದು. ಹಾಗಿದ್ದ ಮೇಲೆ ಕಥೋಲಿಕ ವೈದ್ಯರು, ಅಂದರೆ ರೋಮಿನ ಪೋಪರನ್ನು ಗುರುವಾಗಿ ಒಪ್ಪುವ ಕ್ರೈಸ್ತ ಡಾಕ್ಟರುಗಳು, ತಮ್ಮದೇ ಒಂದು ಸಂಘ ಕಟ್ಟಿಕೊಳ್ಳುವುದು ಯಾಕೆ? ಡೆಂಗಿ ಎಲ್ಲರಿಗೂ ಒಂದೇ ತರ ಬರುತ್ತದೆ, ಔಷಧಿಯೂ ಒಂದೇ, ಅಲ್ವಾ?

ದಿನದ ಹೆಚ್ಚಿನ ಕೆಲಸದ ಮಟ್ಟಿಗೆ ಈ ಮಾತು ಸರಿ. ಸಕ್ಕರೆ ಕಾಯಿಲೆಗೆ ಕಥೋಲಿಕ ಮಾತ್ರೆ ಅಂತ ಒಂದಿಲ್ಲ. ಆದರೆ ಡಾಕ್ಟರ ಕೆಲಸದಲ್ಲಿ ಕೆಲವು ಕಷ್ಟದ ಗಳಿಗೆಗಳು ಬರುತ್ತವೆ. ಐಸಿಯುನಲ್ಲಿರುವ ಮುದುಕರ ವೆಂಟಿಲೇಟರ್ ತೆಗೆಯಬೇಕೋ, ಇಡಬೇಕೋ? ಸ್ಕ್ಯಾನಿಂಗ್‌ನಲ್ಲಿ ಮಗುವಿಗೆ ತೊಂದರೆ ಕಂಡರೆ ತಾಯಿಗೆ ಏನು ಹೇಳಬೇಕು? ಮೂರನೇ ಹೆರಿಗೆಯಾದ ಹೆಣ್ಣುಮಗಳು 'ಆಪರೇಷನ್ನೂ ಮಾಡಿಬಿಡ್ರಿ ಡಾಕ್ಟ್ರೇ' ಅಂದರೆ? ಏನೇನು ಮಾಡಬಹುದು ಅಂತ ವೈದ್ಯಕೀಯ ಪುಸ್ತಕದಲ್ಲಿದೆ. ಯಾವುದು ಸರಿ ಅನ್ನುವುದನ್ನು ಮಾತ್ರ ಡಾಕ್ಟರೇ ತೀರ್ಮಾನಿಸಬೇಕು. ಅದೂ ಎಷ್ಟೋ ಸಲ ಮಧ್ಯರಾತ್ರಿ, ಒಬ್ಬರೇ ಇದ್ದಾಗ. ಹೀಗೆ ಒಂಟಿಯಾಗಿ ತೀರ್ಮಾನ ಮಾಡುವವರಿಗೆ ಜೊತೆಯಾಗಲಿ ಅಂತ ಹುಟ್ಟಿದ ಸಂಘಗಳು ಇವು.

ಮೊದಲು ಹುಟ್ಟಿದ್ದು ಫ್ರಾನ್ಸಿನಲ್ಲಿ. 1884ರಲ್ಲಿ ಲೆ ಮಾನ್ ಊರಿನ ಡಾಕ್ಟರ್ ಜೂಲ್ ಲೆ ಬೆಲ್ ಒಂದು ಸಂಘ ಆರಂಭಿಸಿದರು. ಅದಕ್ಕೆ ಸಂತ ಲೂಕ, ಸಂತ ಕೊಸ್ಮಾಸ್, ಸಂತ ದಮಿಯಾನ್ ಅವರ ಹೆಸರಿಟ್ಟರು. ಸುವಾರ್ತೆ ಬರೆದ ಲೂಕ ವೈದ್ಯನಾಗಿದ್ದ ಅಂತ ಬೈಬಲಿನಲ್ಲೇ ಇದೆ. ಕೊಸ್ಮಾಸ್ ಮತ್ತು ದಮಿಯಾನ್ ಅಣ್ಣತಮ್ಮಂದಿರು. ರೋಗಿಗಳಿಂದ ದುಡ್ಡು ಮುಟ್ಟುತ್ತಿರಲಿಲ್ಲ ಅನ್ನುವುದು ಅವರ ಬಗ್ಗೆ ಬಂದಿರುವ ಕಥೆ. ಇಂಗ್ಲೆಂಡಿನಲ್ಲಿ 1910ರಲ್ಲಿ, ಅಮೆರಿಕದಲ್ಲಿ 1932ರಲ್ಲಿ ಇಂಥದೇ ಸಂಘಗಳು ಬಂದವು. ಮುಂದೆ ದೇಶದೇಶಗಳ ಸಂಘಗಳು ಸೇರಿ ಫಿಯಾಮ್ಕ್ ಎಂಬ ಜಾಗತಿಕ ಒಕ್ಕೂಟವೂ ಆಯಿತು.

ಭಾರತದ ಕಥೆ ಬೇರೆ. ಇಲ್ಲಿ ದಾರಿ ಮಾಡಿದವರು ಹೆಂಗಸರು. ಈ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಇದು ನಮ್ಮ ಪಕ್ಕದಲ್ಲೇ ನಡೆದದ್ದು.

ಆಗ್ನೆಸ್ ಮೆಕ್‌ಲಾರೆನ್ ಸ್ಕಾಟ್ಲೆಂಡಿನ ಡಾಕ್ಟರ್. ನಡುವಯಸ್ಸು ದಾಟಿದ ಮೇಲೆ ಕಥೋಲಿಕರಾದವರು. ಉತ್ತರ ಭಾರತದಲ್ಲಿ ಪರದೆಯೊಳಗಿನ ಹೆಂಗಸರು ಗಂಡು ಡಾಕ್ಟರಿಗೆ ಮೈ ತೋರಿಸದೆ, ಹೆರಿಗೆಯಲ್ಲೇ ಸಾಯುತ್ತಿದ್ದರು. ಇದನ್ನು ತಿಳಿದ ಆಗ್ನೆಸ್ ರಾವಲ್ಪಿಂಡಿಯಲ್ಲಿ ಹೆಂಗಸರಿಗಾಗಿ ಆಸ್ಪತ್ರೆ ತೆರೆಸಿದರು. ಆದರೆ ಅಲ್ಲಿ ನಿಂತು ಕೆಲಸ ಮಾಡುವ ಹೆಣ್ಣು ಡಾಕ್ಟರು ಎಲ್ಲಿಂದ ಬರಬೇಕು? ಇಡೀ ಬದುಕನ್ನೇ ಸೇವೆಗೆ ಕೊಟ್ಟ ಸಿಸ್ಟರ್‌ಗಳು, ಅಂದರೆ ಚರ್ಚಿನ ಸನ್ಯಾಸಿನಿಯರು, ಇದ್ದರು. ಅವರಿಗೆ ಡಾಕ್ಟರಾಗಿ ಕೆಲಸ ಮಾಡಲು ಚರ್ಚಿನ ಕಾನೂನೇ ಅಡ್ಡವಾಗಿತ್ತು. ಹೆರಿಗೆ ಮಾಡಿಸುವುದಂತೂ ದೂರದ ಮಾತು. ಆಗ್ನೆಸ್ ಮತ್ತೆ ಮತ್ತೆ ರೋಮಿಗೆ ಅರ್ಜಿ ಹಾಕಿದರು. ಕಾನೂನು ಬದಲಾಗುವುದನ್ನು ನೋಡದೆ 1913ರಲ್ಲಿ ತೀರಿಕೊಂಡರು.

ಅವರ ಬಗ್ಗೆ ಒಂದು ಚಿಕ್ಕ ಪುಸ್ತಿಕೆ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಮೇರಿ ಗ್ಲೋರಿ ಎಂಬ ಡಾಕ್ಟರ ಕೈಗೆ ಬಂತು. 1887ರಲ್ಲಿ ಹುಟ್ಟಿದ ಮೇರಿ ಚೆನ್ನಾಗಿ ನಡೆಯುತ್ತಿದ್ದ ಪ್ರಾಕ್ಟೀಸ್ ಬಿಟ್ಟು, 1920ರಲ್ಲಿ ಗುಂಟೂರಿಗೆ ಬಂದು ಸಿಸ್ಟರ್ ಆದರು. ಡಾಕ್ಟರಾಗಿ ಮುಂದುವರಿಯಲು ಪೋಪ್ 15ನೇ ಬೆನೆಡಿಕ್ಟ್ ಅವರಿಂದ ವಿಶೇಷ ಅನುಮತಿ ಸಿಕ್ಕಿತು. ಎಲ್ಲ ಸಿಸ್ಟರ್‌ಗಳಿಗೂ ಆ ಬಾಗಿಲು ತೆರೆದದ್ದು 1936ರಲ್ಲಿ. ಅಷ್ಟರಲ್ಲಿ ಆಸ್ಟ್ರಿಯಾದ ಡಾಕ್ಟರ್ ಆನಾ ಡೆಂಗೆಲ್ ಕೂಡ ಇದಕ್ಕಾಗಿ ಬಹಳ ದುಡಿದಿದ್ದರು. ಅವರು ಇದೇ ರಾವಲ್ಪಿಂಡಿ ಆಸ್ಪತ್ರೆಯಲ್ಲಿ ಕೆಲಸ ಮಾಡಿದವರು, 1925ರಲ್ಲಿ ವೈದ್ಯಕೀಯ ಸೇವೆಗಾಗಿಯೇ ಒಂದು ಸಿಸ್ಟರ್‌ಗಳ ಸಂಸ್ಥೆ ಕಟ್ಟಿದವರು.

ನನಗೆ ಇದರಲ್ಲಿ ಮುಖ್ಯ ಅನ್ನಿಸುವುದು ಒಂದು ಸಂಗತಿ. ಕಥೋಲಿಕ ಚರ್ಚಿನ ಒಂದು ಹಳೇ ಕಟ್ಟಳೆ ಬದಲಾದದ್ದು ಭಾರತದ ಬಾಣಂತಿಯರ ಕಷ್ಟ ನೋಡಿದ ಹೆಣ್ಣು ಡಾಕ್ಟರುಗಳಿಂದ. ಅವರೆಲ್ಲ ಗಟ್ಟಿ ನಂಬಿಕೆಯವರೇ. ನಂಬಿಕೆಯ ಒಳಗೇ ನಿಂತು ರೋಗಿಯ ಪರವಾಗಿ ವಾದಿಸಿದರು.

1943ರಲ್ಲಿ ಮೇರಿ ಗ್ಲೋರಿ ಗುಂಟೂರಿನಲ್ಲಿ ಕೆಲವು ಸಿಸ್ಟರ್‌ಗಳನ್ನು ಸೇರಿಸಿ ಕಥೋಲಿಕ ಆಸ್ಪತ್ರೆಗಳ ಸಂಘ ಆರಂಭಿಸಿದರು. ಇವತ್ತು ಅದನ್ನು ಚಾಯ್ ಅಂತ ಕರೆಯುತ್ತಾರೆ. ಪೂರ್ತಿ ಹೆಸರು ಕ್ಯಾಥೊಲಿಕ್ ಹೆಲ್ತ್ ಅಸೋಸಿಯೇಷನ್ ಆಫ್ ಇಂಡಿಯಾ. ಕೇಂದ್ರ ಕಚೇರಿ ಸಿಕಂದರಾಬಾದಿನಲ್ಲಿದೆ. 3,500ಕ್ಕೂ ಹೆಚ್ಚು ಆಸ್ಪತ್ರೆ, ದವಾಖಾನೆ, ಆರೋಗ್ಯ ಸಂಸ್ಥೆಗಳು ಅದರಲ್ಲಿವೆ. ಆಗ ಗುಂಟೂರೂ ಬಳ್ಳಾರಿಯೂ ಒಂದೇ ಮದ್ರಾಸ್ ಪ್ರಾಂತ್ಯದ ಜಿಲ್ಲೆಗಳು. ಈಗಲೂ ಬಳ್ಳಾರಿಯಲ್ಲಿ ಅಮರಾವತಿ ಎಕ್ಸ್‌ಪ್ರೆಸ್ ಹತ್ತಿದರೆ ಗುಂಟಕಲ್ ದಾಟಿ ನೇರ ಗುಂಟೂರಿಗೇ ಹೋಗಬಹುದು. ಮೇರಿ ಗ್ಲೋರಿ ತೀರಿಕೊಂಡದ್ದು 1957ರಲ್ಲಿ, ನಮ್ಮ ಬೆಂಗಳೂರಿನಲ್ಲಿ.

ಯಾವ ಸಂಘ ಯಾವುದು?

ಇಲ್ಲಿ ಜನರಿಗೆ ಗೊಂದಲ ಜಾಸ್ತಿ. ಚಾಯ್ ಆಸ್ಪತ್ರೆಗಳ ಸಂಘ. ಫಿಯಾಮ್ಕ್ ಜೊತೆಗಿರುವುದು ಡಾಕ್ಟರುಗಳ ಸಂಘಗಳು. ಅಲ್ಲಿ ಸದಸ್ಯರಾಗುವುದು ಒಬ್ಬೊಬ್ಬ ಡಾಕ್ಟರು, ಅವರು ಸರ್ಕಾರಿ ಆಸ್ಪತ್ರೆಯಲ್ಲಿರಲಿ, ಸ್ವಂತ ಕ್ಲಿನಿಕ್ ಇಟ್ಟಿರಲಿ. ಭಾರತದಲ್ಲಿ ಡಾಕ್ಟರಾಗಿರುವ ಸಿಸ್ಟರ್‌ಗಳಿಗೆ, ನರ್ಸುಗಳಿಗೆ ಬೇರೆ ಬೇರೆ ವೇದಿಕೆಗಳಿವೆ. ಭಾರತದ ಕಥೋಲಿಕ ಧರ್ಮಾಧ್ಯಕ್ಷರ (ಬಿಷಪ್ಪರ) ಮಂಡಳಿ 1963ರಲ್ಲಿ ಬೆಂಗಳೂರಿನಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಆರಂಭಿಸಿತು. ಅಲ್ಲಿ ಓದಿದವರು ಹಳ್ಳಿಗಾಡಿನ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಬಾಂಡ್ ಪದ್ಧತಿ ಇದೆ.

ನಮ್ಮ ಮೂರು ಜಿಲ್ಲೆಗಳು ಚರ್ಚಿನ ಲೆಕ್ಕದಲ್ಲಿ 1949ರಲ್ಲಿ ರಚನೆಯಾದ ಬಳ್ಳಾರಿ ಧರ್ಮಪ್ರಾಂತ್ಯಕ್ಕೆ ಸೇರುತ್ತವೆ. ರಾಯಚೂರು ಜಿಲ್ಲೆಯ ಮುದಗಲ್‌ನಲ್ಲಿ ಕಥೋಲಿಕರು ಶತಮಾನಗಳಿಂದ ಇದ್ದಾರೆ. ಆದರೂ ನಮ್ಮ ಕಡೆ ಅವರ ಸಂಖ್ಯೆ ಕಡಿಮೆ. ಹಾಗಾಗಿ ಇಲ್ಲಿ ಕಥೋಲಿಕ ಡಾಕ್ಟರ ಮುಂದೆ ಕೂರುವ ರೋಗಿ ಹೆಚ್ಚಾಗಿ ಬೇರೆ ಧರ್ಮದವರೇ. ಸಿಸ್ಟರ್‌ಗಳ ದವಾಖಾನೆಗೆ ಬರುವವರೂ ಅಷ್ಟೇ. ಈ ಒಂದು ಸಂಗತಿ ಇಟ್ಟುಕೊಂಡು ಮುಂದಿನದನ್ನು ಓದಬೇಕು.

ಸಂಘದಲ್ಲಿ ನಡೆಯುವುದೇನು? ಸಭೆ, ಕಠಿಣ ಕೇಸುಗಳ ಚರ್ಚೆ, ವೈದ್ಯಕೀಯ ವಿದ್ಯಾರ್ಥಿಗಳಿಗೆ ಮಾರ್ಗದರ್ಶನ, ಆರೋಗ್ಯ ಶಿಬಿರ, ಹೊಸ ಕಾನೂನು ಬಂದಾಗ ಸರ್ಕಾರಕ್ಕೆ ಅಭಿಪ್ರಾಯ ಕೊಡುವುದು. ಅಕ್ಟೋಬರ್ 18 ಸಂತ ಲೂಕರ ಹಬ್ಬ. ಫೆಬ್ರುವರಿ 11ನ್ನು 1993ರಿಂದ ವಿಶ್ವ ರೋಗಿಗಳ ದಿನ ಅಂತ ಆಚರಿಸುತ್ತಾರೆ. ಇನ್ನು ಸಂಘಕ್ಕೆ ಇಲ್ಲದ ಅಧಿಕಾರ ಯಾವುದು ಅಂತಲೂ ತಿಳಿದಿರಬೇಕು. ಅದು ಯಾರ ಲೈಸೆನ್ಸನ್ನೂ ಕೊಡುವುದಿಲ್ಲ, ಕಿತ್ತುಕೊಳ್ಳುವುದೂ ಇಲ್ಲ. ಡಾಕ್ಟರು ನೋಂದಾಯಿಸಿಕೊಳ್ಳುವುದು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ. ಸಂಘದ ಮಾತು ಸದಸ್ಯರ ಮನಸ್ಸಾಕ್ಷಿಗೆ ಹೇಳಿದ ಮಾತು ಅಷ್ಟೇ. ಕಾನೂನಿನ ಮುಂದೆ ಅದಕ್ಕೆ ಆದೇಶದ ಬಲವಿಲ್ಲ.

ಕೊನೆಗಾಲದ ಪ್ರಶ್ನೆ

ಕಥೋಲಿಕರು ಜೀವವನ್ನು ಎಷ್ಟೇ ಕಷ್ಟವಾದರೂ ಎಳೆದಾಡಿ ಉಳಿಸಬೇಕು ಅನ್ನುತ್ತಾರೆ ಅಂತ ತುಂಬ ಜನ ತಿಳಿದಿದ್ದಾರೆ. ಅದು ತಪ್ಪು ತಿಳಿವಳಿಕೆ. 1957ರ ನವೆಂಬರ್‌ನಲ್ಲಿ ಪೋಪ್ 12ನೇ ಪಯಸ್ ಅರಿವಳಿಕೆ ತಜ್ಞರ ಪ್ರಶ್ನೆಗಳಿಗೆ ಉತ್ತರ ಕೊಟ್ಟರು. ಉಸಿರಾಟದ ಯಂತ್ರಗಳು ಆಗ ಹೊಸದು. ಯಂತ್ರ ಹಾಕಲೇಬೇಕೇ, ಹಾಕಿದ್ದನ್ನು ತೆಗೆಯಬಹುದೇ ಅನ್ನುವುದು ಡಾಕ್ಟರುಗಳ ಪ್ರಶ್ನೆ. ಜೀವ ಕಾಪಾಡಲು ಸಾಮಾನ್ಯ ಉಪಾಯಗಳನ್ನು ಮಾಡಲೇಬೇಕು, ರೋಗಿಗೂ ಮನೆಯವರಿಗೂ ಹೊರಲಾರದಷ್ಟು ಭಾರವಾಗುವ ಅಸಾಮಾನ್ಯ ಉಪಾಯಗಳನ್ನು ಮಾಡಲೇಬೇಕಾದ ಕಟ್ಟುಪಾಡಿಲ್ಲ ಅನ್ನುವುದು ಅವರ ಉತ್ತರದ ಸಾರ. ನೋವು ಕಡಿಮೆ ಮಾಡಲು ಮಾರ್ಫಿನ್ ಕೊಡುವುದನ್ನೂ ಕಥೋಲಿಕ ಬೋಧನೆ ಒಪ್ಪುತ್ತದೆ. ಅದರಿಂದ ಆಯುಸ್ಸು ಸ್ವಲ್ಪ ಕಡಿಮೆಯಾಗುವ ಸಾಧ್ಯತೆ ಇದ್ದರೂ ಸರಿ, ಉದ್ದೇಶ ನೋವು ಕಳೆಯುವುದಾಗಿರಬೇಕು. ಸಾಯಿಸಬೇಕು ಅಂತಲೇ ಸೂಜಿ ಚುಚ್ಚುವುದನ್ನು ಮಾತ್ರ ಅದು ಯಾವತ್ತೂ ಒಪ್ಪುವುದಿಲ್ಲ.

ನಮ್ಮ ಕಡೆಗೆ ಇದು ಬಹಳ ಬೇಕಾದ ವಿವೇಕ. ಕುಷ್ಟಗಿಯ ಒಬ್ಬ ರೈತ ಅಪ್ಪನನ್ನು ಹುಬ್ಬಳ್ಳಿಯ ಐಸಿಯುಗೆ ಸೇರಿಸುತ್ತಾನೆ ಅಂದುಕೊಳ್ಳಿ. ದಿನದ ಬಿಲ್ಲು ಏರುತ್ತದೆ. ಹೊಲ ಅಡವಿಡುತ್ತಾನೆ. ಅಪ್ಪ ಬದುಕುವುದಿಲ್ಲ ಅಂತ ಗೊತ್ತಾದ ಮೇಲೂ 'ಯಂತ್ರ ತೆಗೀರಿ ಅಂದ್ರೆ ಪಾಪ ಬರ್ತೈತೇನೋ' ಅಂತ ಹೆದರುತ್ತಾನೆ. ಆ ಹೆದರಿಕೆ ಬೇಡ ಅಂತ ಹೇಳಬಲ್ಲ ಡಾಕ್ಟರು ಅವನಿಗೆ ಬೇಕು. ಸುಪ್ರೀಂ ಕೋರ್ಟ್ 2018ರಲ್ಲಿ ಘನತೆಯಿಂದ ಸಾಯುವ ಹಕ್ಕನ್ನು ಒಪ್ಪಿತು. 2023ರಲ್ಲಿ ಅದರ ವಿಧಾನವನ್ನು ಸುಲಭ ಮಾಡಿತು. ಎರಡು ವೈದ್ಯರ ಮಂಡಳಿಗಳು ಒಪ್ಪಿದರೆ ಜೀವರಕ್ಷಕ ಚಿಕಿತ್ಸೆ ನಿಲ್ಲಿಸಬಹುದು. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಇದನ್ನು ಜಾರಿಗೆ ತರಲು ಆದೇಶ ಹೊರಡಿಸಿತು. ಚೇತರಿಸಿಕೊಳ್ಳುವ ಆಸೆಯೇ ಇಲ್ಲದ ರೋಗಿಯ ವೆಂಟಿಲೇಟರ್ ವಿಷಯದಲ್ಲಿ ಕಾನೂನು ಮತ್ತು ಕಥೋಲಿಕ ಬೋಧನೆ ಹೆಚ್ಚುಕಡಿಮೆ ಒಂದೇ ದಾರಿಯಲ್ಲಿವೆ.

ಹೆಚ್ಚು ವಾದ ಹುಟ್ಟುವುದು ಊಟ ನೀರಿನ ವಿಷಯದಲ್ಲಿ. ಅರುಣಾ ಶಾನಭಾಗ ನೆನಪಿರಬೇಕು. ಹೊನ್ನಾವರ ಬಳಿಯ ಹಳದೀಪುರದ ಹುಡುಗಿ, ಮುಂಬೈಯಲ್ಲಿ ನರ್ಸ್. 1973ರಲ್ಲಿ ನಡೆದ ಹಲ್ಲೆಯಿಂದ ಅವರ ಮಿದುಳಿಗೆ ಪೆಟ್ಟಾಯಿತು. 2015ರಲ್ಲಿ ತೀರಿಕೊಳ್ಳುವವರೆಗೂ ಹಾಸಿಗೆಯಲ್ಲೇ ಇದ್ದರು. ಆಹಾರ ಕೊಡುವುದನ್ನು ನಿಲ್ಲಿಸಲು ಅನುಮತಿ ಕೇಳಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2011ರಲ್ಲಿ ತಳ್ಳಿಹಾಕಿತು. ಅವರನ್ನು ನೋಡಿಕೊಂಡ ನರ್ಸುಗಳೂ ಅದಕ್ಕೆ ವಿರೋಧವಾಗಿದ್ದರು. ಇಂಥ ರೋಗಿಗಳ ಬಗ್ಗೆಯೇ 2004ರ ಮಾರ್ಚ್‌ನಲ್ಲಿ ಫಿಯಾಮ್ಕ್ ಮತ್ತು ವ್ಯಾಟಿಕನ್ನಿನ ಜೀವ ಕುರಿತ ಅಕಾಡೆಮಿ ಸೇರಿ ರೋಮಿನಲ್ಲಿ ಸಮ್ಮೇಳನ ಮಾಡಿದವು. ನಳಿಕೆಯಲ್ಲಿ ಕೊಡುವ ಆಹಾರ, ನೀರು ತತ್ವದ ಮಟ್ಟಿಗೆ ಸಾಮಾನ್ಯ ಆರೈಕೆಯೇ, ಅದನ್ನು ನಿಲ್ಲಿಸಬಾರದು ಅಂತ ಪೋಪ್ 2ನೇ ಜಾನ್ ಪಾಲ್ ಅಲ್ಲಿ ಹೇಳಿದರು. ಇದನ್ನು ಒಪ್ಪದ ಡಾಕ್ಟರುಗಳಿದ್ದಾರೆ. ನನಗಂತೂ ಹಳದೀಪುರದ ಆ ಹೆಣ್ಣುಮಗಳಿಗೆ 42 ವರ್ಷ ಉಣಿಸಿದ ನರ್ಸುಗಳ ಕಡೆಯೇ ಮನಸ್ಸು ವಾಲುತ್ತದೆ.

ಕೊನೆಗಾಲದ ಆರೈಕೆಯಲ್ಲಿ ಕಥೋಲಿಕ ಡಾಕ್ಟರು ಬೋಧನೆಗಷ್ಟೇ ನಿಂತಿಲ್ಲ. ಭಾರತದ ಮೊದಲ ಹಾಸ್ಪೀಸ್, ಅಂದರೆ ಗುಣವಾಗದ ಕ್ಯಾನ್ಸರ್ ರೋಗಿಗಳನ್ನು ಕೊನೆಯವರೆಗೆ ನೋಡಿಕೊಳ್ಳುವ ಮನೆ, ಮುಂಬೈಯ ಶಾಂತಿ ಅವೇದನಾ. 1986ರಲ್ಲಿ ಅದನ್ನು ಆರಂಭಿಸಿದವರು ಕ್ಯಾನ್ಸರ್ ಸರ್ಜನ್ ಡಾ. ಎಲ್. ಜೆ. ಡಿಸೋಜಾ. ನಮ್ಮ ಜಿಲ್ಲೆಗಳಿಗೆ ಇಂಥ ಮನೆಗಳು ಬೇಕು.

ಬಸಿರಿನ ಪ್ರಶ್ನೆ

ಗರ್ಭಪಾತವನ್ನು ಕಥೋಲಿಕ ಚರ್ಚು ಒಪ್ಪುವುದಿಲ್ಲ. 1968ರಲ್ಲಿ ಪೋಪ್ 6ನೇ ಪೌಲ್ ಕೃತಕ ಗರ್ಭನಿರೋಧವೂ ಸರಿಯಲ್ಲ ಅಂತ ಹೇಳಿದರು. ಸಂತಾನಹರಣ ಆಪರೇಷನ್ ಕೂಡ ಇದರಲ್ಲೇ ಬರುತ್ತದೆ. ಹೆಣ್ಣುಭ್ರೂಣ ಪತ್ತೆ ಮಾಡುವುದನ್ನು ತಡೆಯುವ 1994ರ ಕಾಯ್ದೆಗೂ ಈ ನಂಬಿಕೆಗೂ ಜಗಳವಿಲ್ಲ. ಎರಡೂ ಒಂದೇ ಕಡೆ ನಿಲ್ಲುತ್ತವೆ. ಡೌನ್ ಸಿಂಡ್ರೋಮಿಗೆ ಒಂದು ಹೆಚ್ಚುವರಿ ಕ್ರೋಮೋಸೋಮ್ ಕಾರಣ ಅಂತ 1959ರಲ್ಲಿ ಪ್ರಕಟಿಸಿದವರಲ್ಲಿ ಫ್ರಾನ್ಸಿನ ಕಥೋಲಿಕ ಡಾಕ್ಟರ್ ಜೆರೋಮ್ ಲೆಜೂನ್ ಒಬ್ಬರು. ಆ ಮಕ್ಕಳಿಗೆ ಚಿಕಿತ್ಸೆ ಹುಡುಕುವುದು ಅವರ ಆಸೆಯಾಗಿತ್ತು. ಅದೇ ಶೋಧ ಮುಂದೆ ಆ ಮಕ್ಕಳನ್ನು ಹುಟ್ಟುವ ಮೊದಲೇ ಗುರುತಿಸಿ ತೆಗೆಸಲು ಬಳಕೆಯಾಯಿತು. ಇದರ ವಿರುದ್ಧ ಅವರು ಸಾಯುವವರೆಗೂ ಮಾತಾಡಿದರು.

ತಾಯಿಯ ಜೀವಕ್ಕೇ ಅಪಾಯ ಬಂದರೆ? ಗರ್ಭಕೋಶದ ಹೊರಗೆ, ಕೊಳವೆಯಲ್ಲಿ ಗರ್ಭ ನಿಂತಾಗ ಕೊಳವೆಯ ಆ ಭಾಗ ತೆಗೆಯುವುದನ್ನು ಕಥೋಲಿಕ ನೀತಿ ಒಪ್ಪುತ್ತದೆ. ಬಸುರಿಯ ಗರ್ಭಕೋಶದಲ್ಲಿ ಕ್ಯಾನ್ಸರ್ ಕಂಡರೆ ಅದರ ಚಿಕಿತ್ಸೆಯನ್ನೂ ಒಪ್ಪುತ್ತದೆ. ಅಲ್ಲಿ ಚಿಕಿತ್ಸೆ ತಾಯಿಯ ಕಾಯಿಲೆಗೆ. ಮಗು ಹೋಗುವುದು ಯಾರೂ ಬಯಸದ ಪರಿಣಾಮ. ಇದನ್ನು ದ್ವಿಪರಿಣಾಮದ ತತ್ವ ಅನ್ನುತ್ತಾರೆ.

ಆದರೆ ತತ್ವ ಪುಸ್ತಕದಲ್ಲಿದ್ದರೆ ಸಾಲದು. ಸವಿತಾ ಹಾಲಪ್ಪನವರ ಅವರನ್ನು ಕನ್ನಡಿಗರು ಮರೆಯುವ ಹಾಗಿಲ್ಲ. ಬೆಳಗಾವಿಯ ಮನೆಮಗಳು, ದಂತವೈದ್ಯೆ. 2012ರ ಅಕ್ಟೋಬರ್‌ನಲ್ಲಿ ಐರ್ಲೆಂಡಿನ ಗಾಲ್ವೇಯಲ್ಲಿ ತೀರಿಕೊಂಡರು. 17 ವಾರದ ಬಸಿರು ನಿಲ್ಲುವುದಿಲ್ಲ ಅಂತ ಗೊತ್ತಾಗಿತ್ತು. ಗರ್ಭ ತೆಗೆಯಿರಿ ಅಂತ ಕೇಳಿಕೊಂಡಿದ್ದರು. ಮಗುವಿನ ಎದೆಬಡಿತ ಇನ್ನೂ ಇದೆ ಅಂತ ಕಾಯಿಸಿದರು. ಅಷ್ಟರಲ್ಲಿ ಸೋಂಕು ರಕ್ತಕ್ಕೆ ಏರಿತ್ತು. ಅದು ಸರ್ಕಾರಿ ಆಸ್ಪತ್ರೆ, ಕೈಕಟ್ಟಿದ್ದು ಐರ್ಲೆಂಡಿನ ಕಾನೂನು. ಆದರೂ 'ಇದು ಕಥೋಲಿಕ ದೇಶ' ಅಂತ ಅವರಿಗೆ ಹೇಳಿದ್ದು ನಿಜ ಅಂತ ಅಲ್ಲಿನ ಸೂಲಗಿತ್ತಿಯೇ ವಿಚಾರಣೆಯಲ್ಲಿ ಒಪ್ಪಿಕೊಂಡರು. ಸೋಂಕನ್ನು ಸರಿಯಾಗಿ ಗಮನಿಸಲಿಲ್ಲ, ಎದೆಬಡಿತ ನಿಲ್ಲಲಿ ಅಂತ ಕಾಯುವುದಕ್ಕೇ ಹೆಚ್ಚು ಒತ್ತು ಕೊಟ್ಟರು ಅಂತ ತನಿಖಾ ವರದಿ ಹೇಳಿತು. 2018ರ ಮೇ ತಿಂಗಳಲ್ಲಿ ಐರ್ಲೆಂಡಿನ ಜನ ಮತ ಹಾಕಿ, ಗರ್ಭಪಾತವನ್ನು ತಡೆಯುತ್ತಿದ್ದ ನಿಯಮವನ್ನು ಸಂವಿಧಾನದಿಂದ ತೆಗೆದರು.

ಯಾವ ಕಥೋಲಿಕ ವೈದ್ಯರ ಸಂಘದ ಸಭೆಯಲ್ಲೂ ಮೊದಲು ಚರ್ಚೆಯಾಗಬೇಕಾದ ಕೇಸು ಇದು ಅಂತ ನನ್ನ ಗಟ್ಟಿ ಅಭಿಪ್ರಾಯ. ನಂಬಿಕೆ ಅರ್ಧಂಬರ್ಧ ತಿಳಿದಿದ್ದರೆ ಡಾಕ್ಟರು ಕೈಕಟ್ಟಿ ಕೂರುತ್ತಾರೆ. ಸಂಘ ನೆಟ್ಟಗೆ ಕೆಲಸ ಮಾಡಿದರೆ, ಯಾವ ಕ್ಷಣದಲ್ಲಿ ಕಾಯಬಾರದು ಅನ್ನುವುದನ್ನು ಡಾಕ್ಟರಿಗೆ ಮೊದಲೇ ಕಲಿಸಿರುತ್ತದೆ.

ಒಲ್ಲೆ ಅನ್ನುವ ಹಕ್ಕು ಇದೆಯೇ?

ಬ್ರಿಟನ್ನಿನ 1967ರ ಗರ್ಭಪಾತ ಕಾಯ್ದೆಯಲ್ಲಿ, ಮನಸ್ಸಾಕ್ಷಿ ಒಪ್ಪದ ಡಾಕ್ಟರು ಗರ್ಭಪಾತದ ಕೆಲಸದಿಂದ ದೂರ ಇರಬಹುದು ಅಂತ ಬರೆದಿದೆ. ತಾಯಿಯ ಜೀವ ಉಳಿಸಲು ಅಥವಾ ಅವಳ ಆರೋಗ್ಯಕ್ಕೆ ಗಂಭೀರವಾದ ಶಾಶ್ವತ ಹಾನಿಯನ್ನು ತಪ್ಪಿಸಲು ಬೇಕಾದ ಸಂದರ್ಭಕ್ಕೆ ಆ ವಿನಾಯಿತಿ ಇಲ್ಲ. ಭಾರತದ 1971ರ ಗರ್ಭಪಾತ ಕಾಯ್ದೆಯಲ್ಲಿ ಅಂಥ ಕಲಮೇ ಇಲ್ಲ. ಅಷ್ಟೇ ಅಲ್ಲ, 2002ರ ವೈದ್ಯಕೀಯ ನಡತೆ ನಿಯಮಗಳ 7.15ನೇ ನಿಯಮ ಇದಕ್ಕೆ ಉಲ್ಟಾ ಇದೆ. ವೈದ್ಯಕೀಯ ಕಾರಣ ಇರುವಾಗ, ಧರ್ಮದ ಕಾರಣ ಒಂದನ್ನೇ ಕೊಟ್ಟು ಸಂತಾನಹರಣ, ಗರ್ಭನಿರೋಧ, ಸುನ್ನತಿ, ಗರ್ಭಪಾತಕ್ಕೆ ನೆರವಾಗಲು ಡಾಕ್ಟರು ನಿರಾಕರಿಸಬಾರದು. ಆ ಕೆಲಸ ಮಾಡುವ ಪರಿಣತಿ ತನಗಿಲ್ಲ ಅನ್ನಿಸಿದರೆ ಮಾತ್ರ ವಿನಾಯಿತಿ. ಸಂವಿಧಾನದ 25ನೇ ವಿಧಿ ಮನಸ್ಸಾಕ್ಷಿಯ ಸ್ವಾತಂತ್ರ್ಯ ಕೊಡುತ್ತದೆ ನಿಜ. ಆದರೆ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಕ್ಕೆ ಒಳಪಟ್ಟು ಅನ್ನುವ ಷರತ್ತೂ ಅದರಲ್ಲೇ ಇದೆ.

ಹಾಗಾದರೆ ಕಥೋಲಿಕ ಆಸ್ಪತ್ರೆಗಳು ಹೇಗೆ ನಡೆಯುತ್ತವೆ? ಖಾಸಗಿ ಆಸ್ಪತ್ರೆಯಲ್ಲಿ ಗರ್ಭಪಾತ ಮಾಡಲು ಸರ್ಕಾರದ ಅನುಮೋದನೆ ಬೇಕು. ಅದಕ್ಕೆ ಅರ್ಜಿ ಹಾಕಲೇಬೇಕು ಅಂತ ಒತ್ತಾಯವಿಲ್ಲ. ಅನುಮೋದನೆ ಇಲ್ಲದ ಕಡೆ ಗರ್ಭಪಾತ ಮಾಡುವುದೇ ಕಾನೂನುಬಾಹಿರ. ಆದರೆ ತಾಯಿಯ ಜೀವ ಉಳಿಸಲು ತಕ್ಷಣ ಬೇಕಾದರೆ ಈ ಅನುಮೋದನೆಯ ಷರತ್ತು ಅಡ್ಡ ಬರುವುದಿಲ್ಲ ಅಂತ ಕಾಯ್ದೆಯ 5ನೇ ಕಲಂ ಹೇಳುತ್ತದೆ. ನಿಜವಾದ ಇಕ್ಕಟ್ಟು ಇರುವುದು ತಾಲ್ಲೂಕು ಆಸ್ಪತ್ರೆಯಲ್ಲಿ ಒಬ್ಬರೇ ಹೆರಿಗೆ ಡಾಕ್ಟರಾಗಿರುವ ಕಥೋಲಿಕರಿಗೆ.

ಬೇರೆ ಡಾಕ್ಟರ ಹತ್ತಿರ ಕಳಿಸುವುದೂ ಆ ಕೆಲಸದಲ್ಲಿ ಪಾಲುಗೊಂಡ ಹಾಗೆ, ಆದ್ದರಿಂದ ಅದನ್ನೂ ಮಾಡಲಾರೆವು ಅನ್ನುವ ಸಂಘಗಳಿವೆ. ಕೆನಡಾದ ಒಂಟಾರಿಯೋದಲ್ಲಿ ಕ್ರೈಸ್ತ ವೈದ್ಯರ ಸಂಘಗಳು ಹೀಗೆಂದು ಕೋರ್ಟಿಗೆ ಹೋದವು. ಕಥೋಲಿಕ ವೈದ್ಯರ ಒಕ್ಕೂಟವೂ ಅವುಗಳ ಜೊತೆಗಿತ್ತು. ರೋಗಿಗೆ ಚಿಕಿತ್ಸೆ ಸಿಗುವಂತೆ ದಾರಿ ಮಾಡಿಕೊಡುವ ನಿಯಮವೇ ಸರಿ ಅಂತ ಅಲ್ಲಿನ ಮೇಲ್ಮನವಿ ನ್ಯಾಯಾಲಯ 2019ರಲ್ಲಿ ತೀರ್ಪು ಕೊಟ್ಟಿತು. ಆ ಡಾಕ್ಟರುಗಳ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ತೀರ್ಪು ಸರಿ ಅನ್ನಿಸುತ್ತದೆ. ದೇವದುರ್ಗ, ಮಸ್ಕಿ ಕಡೆಯವರಿಗೆ ಕಾರಣ ಹೇಳಬೇಕಾಗಿಲ್ಲ. ಬೆಂಗಳೂರಿನಲ್ಲಿ ಒಬ್ಬ ಡಾಕ್ಟರು ಒಲ್ಲೆ ಅಂದರೆ ರೋಗಿ ಆಟೋ ಹತ್ತಿ ಇನ್ನೊಂದು ಆಸ್ಪತ್ರೆಗೆ ಹೋಗುತ್ತಾಳೆ. ಮಸ್ಕಿಯವಳಿಗೆ ಒಂದು ದಿನದ ಕೂಲಿ ಹೋಗುತ್ತದೆ, ಬಸ್ ಚಾರ್ಜು, ಜೊತೆಗೆ ಬರುವ ಅತ್ತೆಯ ಕೂಲಿ, ಮನೆಯಲ್ಲಿ ಬಿಟ್ಟ ಮಕ್ಕಳ ಚಿಂತೆ. ವಾರಗಳ ಲೆಕ್ಕ ತಪ್ಪಿದರೆ ಕಾನೂನಿನ ಗಡುವೂ ಮುಗಿಯುತ್ತದೆ. ಒಬ್ಬ ಡಾಕ್ಟರಿಂದ 20 ವಾರ, ಕೆಲವು ವರ್ಗದ ಹೆಂಗಸರಿಗೆ ಇಬ್ಬರು ಡಾಕ್ಟರು ಒಪ್ಪಿದರೆ 24 ವಾರ ಅಂತ 2021ರ ತಿದ್ದುಪಡಿ ಹೇಳುತ್ತದೆ. ಮನಸ್ಸಾಕ್ಷಿಯ ಬೆಲೆಯನ್ನು ಡಾಕ್ಟರು ತಾವೇ ತೆರಬೇಕು. ಅದನ್ನು ಮಸ್ಕಿಯ ಕೂಲಿ ಹೆಂಗಸಿನ ಹೆಗಲಿಗೆ ದಾಟಿಸಬಾರದು.

ಪ್ರಾರ್ಥನೆ ಮಾಡಬಹುದೇ?

ಇದು ಚಿಕ್ಕ ಪ್ರಶ್ನೆ, ಆದರೆ ಅನುಮಾನ ಹೆಚ್ಚು ಹುಟ್ಟುವುದು ಇಲ್ಲೇ. ಡಾಕ್ಟರು ಆಪರೇಷನ್ನಿಗೆ ಮೊದಲು ಮನಸ್ಸಿನಲ್ಲೇ ಪ್ರಾರ್ಥಿಸಿದರೆ ಯಾರಿಗೂ ತೊಂದರೆಯಿಲ್ಲ. ರೋಗಿಯ ಜೊತೆ ಪ್ರಾರ್ಥಿಸುವುದು ರೋಗಿ ಕೇಳಿದರೆ ಮಾತ್ರ. ಹಾಸಿಗೆಯಲ್ಲಿ ಮಲಗಿದವರಿಗೆ ಬೇಡ ಅನ್ನುವ ಧೈರ್ಯ ಇರುವುದಿಲ್ಲ. ಧರ್ಮದ ವಿಷಯದಲ್ಲಿ ಯಾರನ್ನೂ ಬಲವಂತ ಮಾಡಬಾರದು ಅಂತ 1965ರಲ್ಲಿ ಕಥೋಲಿಕ ಚರ್ಚಿನ ಎರಡನೇ ವ್ಯಾಟಿಕನ್ ಮಹಾಸಭೆಯೇ ಘೋಷಿಸಿದೆ. ನಮ್ಮ ರೋಗಿಗಳು ತಮ್ಮ ದೇವರನ್ನು ಜೊತೆಗೇ ತರುತ್ತಾರೆ. ಹುಲಿಗೆಮ್ಮನ ಭಂಡಾರ ಹಣೆಯಲ್ಲಿರುತ್ತದೆ, ದರ್ಗಾದ ತಾಯತ ತೋಳಿನಲ್ಲಿ. ತಾವೂ ದೇವರನ್ನು ನಂಬುವ ಡಾಕ್ಟರು ಆ ತಾಯತವನ್ನು ಕತ್ತರಿಸಿ ಬಿಸಾಡದೆ, ಆಪರೇಷನ್ನಿಗೆ ಮೊದಲು ಬಿಚ್ಚಿ ಮನೆಯವರ ಕೈಗೆ ಕೊಡುತ್ತಾರೆ ಅಂತ ನಾವು ನಿರೀಕ್ಷಿಸಬಹುದು.

ಮನೆಯಲ್ಲಿ ಬಸುರಿ ಇದ್ದು, ಧಾರ್ಮಿಕ ಸಂಸ್ಥೆ ನಡೆಸುವ ಆಸ್ಪತ್ರೆಯಲ್ಲಿ ಹೆಸರು ಬರೆಸುವುದಾದರೆ ಮೊದಲ ಭೇಟಿಯಲ್ಲೇ ಕೇಳಿಬಿಡಿ. ಹೆರಿಗೆಯ ಜೊತೆ ಸಂತಾನಹರಣ ಆಪರೇಷನ್ ಇಲ್ಲಿ ಮಾಡುತ್ತೀರಾ? ಮಾಡದಿದ್ದರೆ ಎಲ್ಲಿಗೆ ಹೋಗಬೇಕು? ತಾಯಿಗೆ ಸೋಂಕೋ ರಕ್ತಸ್ರಾವವೋ ಆದರೆ ಏನು ಮಾಡುತ್ತೀರಿ, ಯಾವ ಆಸ್ಪತ್ರೆಗೆ ಕಳಿಸುತ್ತೀರಿ? ಸ್ಕ್ಯಾನಿಂಗ್ ವರದಿಯ ಪ್ರತಿ ಕೈಗೆ ಕೊಡುತ್ತೀರಾ? ಕೇಳಲು ಮುಜುಗರ ಬೇಡ. ಇವಕ್ಕೆ ನೇರ ಉತ್ತರ ಕೊಡುವುದು ಡಾಕ್ಟರ ಕರ್ತವ್ಯ. ತುರ್ತಿನಲ್ಲಿ ಬೇಕಂತಲೇ ಚಿಕಿತ್ಸೆ ನಿರಾಕರಿಸಿದ್ದಾರೆ ಅನ್ನಿಸಿದರೆ ದೂರು ಹೋಗಬೇಕಾದದ್ದು ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ. ಡಾಕ್ಟರು ಯಾವ ಸಂಘದ ಸದಸ್ಯರಾಗಿದ್ದರೂ ಅಲ್ಲಿನ ನಿಯಮ ಎಲ್ಲರಿಗೂ ಒಂದೇ.